ಔಟ್‌ಬೋರ್ಡ್ ಮೋಟಾರಿಗೆ ಆರು ಚಳಿಗಾಲ, ಒಂದು ಗೇರ್ ಆಯಿಲ್ ಪಂಪ್

ದೋಣಿ ಮೋಟಾರಿಗೆ ಗೇರ್ ಆಯಿಲ್ ತುಂಬುವ ಹದಿನೈದು ಡಾಲರಿನ ಪ್ಲಾಸ್ಟಿಕ್ ಪಂಪಿಗೆ ಇಷ್ಟುದ್ದ ವಿಮರ್ಶೆ ಬೇಕಾ ಅಂತ ಹೆಂಡತಿ ನಕ್ಕಳು. ಬೇಕು. ನನ್ನ ದೋಣಿಯ ಸಾಮಾನುಗಳಲ್ಲಿ ಇದರಷ್ಟು ದುಡ್ಡು ಉಳಿಸಿದ್ದು ಬೇರೆ ಇಲ್ಲ.

ನಾವಿರುವುದು ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಹತ್ತಿರ. 14 ಅಡಿಯ ಅಲ್ಯೂಮಿನಿಯಂ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ 20 ಹಾರ್ಸ್‌ಪವರಿನ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು. ಎರಡೂ ಸೆಕೆಂಡ್ ಹ್ಯಾಂಡ್. ನಮ್ಮ ಗಂಗೊಳ್ಳಿ ಕಡೆ ಮಳೆಗಾಲಕ್ಕೆ ದೋಣಿ ಮೇಲೆ ಎಳೆಯುತ್ತಾರೆ, ಜೂನ್ ಜುಲೈ ಕಳೆದರೆ ಮತ್ತೆ ಕಡಲು. ಇಲ್ಲಿ ಅಕ್ಟೋಬರಿನಲ್ಲಿ ಎಳೆದರೆ, ಮೇ ತಿಂಗಳಲ್ಲಿ ವಾಲೈ ಮೀನಿನ ಸೀಸನ್ ಶುರುವಾಗುವವರೆಗೆ ಗ್ಯಾರೇಜೇ ಗತಿ. ನಡುವೆ ಮೈನಸ್ 25 ಡಿಗ್ರಿಗೆ ಇಳಿಯುವ ರಾತ್ರಿಗಳೂ ಬರುತ್ತವೆ.

ಮೊದಲ ವರ್ಷ ನನಗೇನೂ ಗೊತ್ತಿರಲಿಲ್ಲ, ಚಳಿಗಾಲಕ್ಕೆ ಸಿದ್ಧ ಮಾಡಿಕೊಡಿ ಅಂತ ಮೋಟಾರನ್ನು ಅಂಗಡಿಗೆ ಕೊಟ್ಟೆ. ಬಿಲ್ಲಿನಲ್ಲಿ 'ಗೇರ್ ಆಯಿಲ್ ಬದಲಾವಣೆ' ಅಂತ ಸ್ಪಷ್ಟವಾಗಿ ಬರೆದಿತ್ತು. ಹಳೆ ಮಾಲೀಕ ಮಾರುವ ಮುಂಚೆ ಲೋವರ್ ಯೂನಿಟ್‌ಗೆ, ಅಂದರೆ ಗೇರುಗಳಿರುವ ಕೆಳಭಾಗಕ್ಕೆ, ಕಪ್ಪು ಬಣ್ಣ ಹೊಡೆದಿದ್ದ. ಅಂಗಡಿಯಿಂದ ಬಂದ ಮೇಲೆ ನೋಡುತ್ತೇನೆ, ಎಣ್ಣೆ ಇಳಿಸುವ ಸ್ಕ್ರೂವಿನ ತಲೆಯ ಸೀಳಿನಲ್ಲಿ ಆ ಬಣ್ಣ ಹಾಗೇ ತುಂಬಿಕೊಂಡಿದೆ! ಸ್ಕ್ರೂಡ್ರೈವರ್ ಅಲ್ಲಿಗೆ ತಾಗಿಯೇ ಇಲ್ಲ. ಕೇಳಿದ್ದಕ್ಕೆ 'ಮಾಡಿದ್ದೇವೆ' ಅಂದರು. ಜಗಳ ಮಾಡಲಿಲ್ಲ, ಮನೆಗೆ ಬಂದು ಈ ಪಂಪ್ ತರಿಸಿದೆ.

ಮಿಕ್ಕ ಕೆಲಸಗಳು ಸುಲಭ, ಬೇಗ ಹೇಳಿಬಿಡುತ್ತೇನೆ. ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10 ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ದೋಣಿಗೆ ಎಥನಾಲ್ ಇಲ್ಲದ್ದು ಸಿಗುತ್ತದೆ, ಅದನ್ನೇ ಹಾಕುತ್ತೇನೆ, ಜೊತೆಗೆ ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್. ನೀರು ಎಳೆಯುವ ಜಾಗಕ್ಕೆ ಇಯರ್‌ಮಫ್ ಥರದ ರಬ್ಬರ್ ಕಪ್ಪುಗಳನ್ನು ಸಿಕ್ಕಿಸಿ, ಮೊದಲು ನಲ್ಲಿ ಬಿಟ್ಟು, ಆಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ಒಳಗೆ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟುಹೋಗುತ್ತದೆ. ನನ್ನದು ಕಾರ್ಬ್ಯುರೇಟರ್ ಮೋಟಾರು, ಕೊನೆಗೆ ಪೆಟ್ರೋಲ್ ಪೈಪ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ. ಬ್ಯಾಟರಿ ಮನೆಯೊಳಗೆ. ಮೋಟಾರು ನೇರವಾಗಿ ನಿಂತಿರಬೇಕು, ಮಲಗಿಸಿದರೆ ನೀರು ಪೂರ್ತಿ ಇಳಿಯುವುದಿಲ್ಲ.

ಇನ್ನು ಗೇರ್ ಆಯಿಲ್. ಇದನ್ನು 'ವಸಂತಕ್ಕೆ ನೋಡೋಣ' ಅಂತ ಮುಂದೂಡುವವರು ಜಾಸ್ತಿ. ನೀರು ತಡೆಯುವ ರಬ್ಬರ್ ಸೀಲ್ ಸವೆದು ಒಳಗೆ ನೀರು ಹೋಗಿದ್ದರೆ ಅದು ಚಳಿಗೆ ಹೆಪ್ಪುಗಟ್ಟಿ ಸುಮಾರು ಶೇಕಡಾ 9ರಷ್ಟು ಉಬ್ಬುತ್ತದೆ. ಎರಕದ ಅಲ್ಯೂಮಿನಿಯಂ ತಡೆಯುವುದಿಲ್ಲ, ಬಿರುಕು ಬಿಡುತ್ತದೆ. ನಮ್ಮ ಬೀದಿಯ ಒಬ್ಬರಿಗೆ ಏಪ್ರಿಲ್‌ನಲ್ಲಿ ಹಾಗೇ ಆಯಿತು. ಹೊಸ ಲೋವರ್ ಯೂನಿಟ್ಟಿನ ಬೆಲೆ ಕೇಳಿ ಅವರು ಮೋಟಾರನ್ನೇ ಮಾರಿಬಿಟ್ಟರು.

ಪಂಪಿನ ಕೆಲಸ ಇಷ್ಟೇ. ಕೆಳಗಿನ ಸ್ಕ್ರೂ, ಆಮೇಲೆ ಮೇಲಿನ ಸ್ಕ್ರೂ ಬಿಚ್ಚಿ ಹಳೆ ಎಣ್ಣೆ ಪೂರ್ತಿ ಇಳಿಯಲು ಬಿಡುತ್ತೇನೆ. ಪಂಪನ್ನು ಎಣ್ಣೆ ಬಾಟಲಿಗೆ ತಿರುಗಿಸಿ, ಅದರ ಪೈಪನ್ನು ಕೆಳಗಿನ ತೂತಿಗೆ ಕೂರಿಸಿ ಒತ್ತುತ್ತಾ ಹೋಗುವುದು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಕೆಳಗಿನಿಂದ ತುಂಬಿದರೆ ಎಣ್ಣೆಯೇ ಗಾಳಿಯನ್ನು ಮೇಲೆ ತಳ್ಳುತ್ತದೆ. ಮೇಲಿನ ತೂತಿನಿಂದ ಗುಳ್ಳೆ ಇಲ್ಲದೆ ಎಣ್ಣೆ ಬಂತು ಅಂದರೆ ಮೊದಲು ಮೇಲಿನ ಸ್ಕ್ರೂ ಬಿಗಿಯಬೇಕು. ಆಮೇಲೆ ಪಂಪ್ ತೆಗೆದರೆ ಎಣ್ಣೆ ದಬಕ್ಕನೆ ಸುರಿಯುವುದಿಲ್ಲ, ಕೆಳಗಿನದನ್ನು ಹಾಕಲು ಸಮಯ ಸಿಗುತ್ತದೆ. ಎರಡಕ್ಕೂ ಹೊಸ ವಾಷರ್ ಹಾಕಿ. ಹಳೆ ವಾಷರ್ ತೂತಿಗೇ ಅಂಟಿಕೊಂಡು ಉಳಿದಿರುತ್ತದೆ, ಅದರ ಮೇಲೆ ಹೊಸದು ಕೂತರೆ ಖಂಡಿತ ಸೋರುತ್ತದೆ. ನಾನು ಎರಡನೇ ವರ್ಷ ಅದನ್ನೇ ಮಾಡಿದ್ದೆ.

ಮೂರನೇ ವರ್ಷ ಇಳಿದ ಎಣ್ಣೆ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕಿತ್ತು. ಒಳಗೆ ನೀರು ಸೇರಿದೆ ಅಂತ ಅರ್ಥ, ಎದೆ ಧಸಕ್ಕೆಂದಿತು. ಪ್ರೊಪೆಲ್ಲರ್ ಬಿಚ್ಚಿದರೆ ಹಿಂದೆ ಗಾಳದ ದಾರ ಸುತ್ತಿಕೊಂಡು ಸೀಲನ್ನೇ ಕೊರೆದಿತ್ತು. ಹಿಮ ಬೀಳುವ ಮೊದಲೇ ಸೀಲ್ ಹಾಕಿಸಿದೆ. ದಾರ ನನ್ನದೇ ಇರಬೇಕು, ಇದಕ್ಕೆ ಅಂಗಡಿಯವರನ್ನು ಬೈಯಲು ಆಗುವುದಿಲ್ಲ.

ದೂರುಗಳೂ ಇವೆ. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಒತ್ತಿ ಒತ್ತಿ ಅಂಗೈ ಕೆಂಪಾಗುತ್ತದೆ, ಹಾಗಾಗಿ ಬಾಟಲಿಯನ್ನು ಹಿಂದಿನ ರಾತ್ರಿಯೇ ಅಡುಗೆಮನೆಯಲ್ಲಿಡುತ್ತೇನೆ. ಆ ಗಂಧಕದ ವಾಸನೆಗೆ ಮನೆಯಲ್ಲಿ ನನಗೆ ಆಗುವ ಮರ್ಯಾದೆ ಬೇರೆ. ನಾಲ್ಕನೇ ವರ್ಷಕ್ಕೆ ಪೈಪ್ ಹಳದಿಯಾಗಿ ಬಿರುಸಾಯಿತು, ಅಂಗಡಿಯಲ್ಲಿ ಅದೇ ದಪ್ಪದ ಪೈಪ್ ತಂದು ಬದಲಿಸಿದೆ. ಪಂಪ್ ಮಾತ್ರ ಈಗಲೂ ಅದೇ. ಐದಕ್ಕೆ ನಾಲ್ಕು ಕೊಡುತ್ತೇನೆ.

ಕೊಳ್ಳುವ ಮುಂಚೆ ನಿಮ್ಮ ಮೋಟಾರಿನ ಸ್ಕ್ರೂ ಮರೆ (ಥ್ರೆಡ್) ಯಾವ ಅಳತೆಯದ್ದು ನೋಡಿಕೊಳ್ಳಿ, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ನಾನು ನೋಡಿರಲಿಲ್ಲ. ಎಣ್ಣೆಯೆಲ್ಲ ಇಳಿಸಿದ ಮೇಲೆ ನೋಡಿದರೆ, ಪಂಪಿನ ಪೈಪನ್ನು ತೂತಿಗೆ ಜೋಡಿಸುವ ಅಡಾಪ್ಟರ್ ಕೂರಲಿಲ್ಲ. ಅಂಗಡಿ ಮುಚ್ಚಲು ಇಪ್ಪತ್ತು ನಿಮಿಷ ಇತ್ತು, ಎಣ್ಣೆ ಕೈಯಲ್ಲೇ ಕಾರು ಓಡಿಸಿದೆ. ಸ್ಟೀರಿಂಗ್ ಇವತ್ತಿಗೂ ವಾಸನೆ ಹೊಡೆಯುತ್ತದೆ.