ಅರಿಶಿನ ಪುಡಿಗೆ ನಾಲ್ಕು ಸ್ಟಾರ್, ಬೋರ್ಡಿಗೆ ಸೊನ್ನೆ

ಮೈಸೂರಿನ ದೇವರಾಜ ಮಾರುಕಟ್ಟೆ ಪಕ್ಕದ ಗ್ರಂದಿಗೆ ಅಂಗಡಿ. ಅರಿಶಿನ ಕೊಂಬನ್ನು ಕಣ್ಣೆದುರೇ ಪುಡಿ ಮಾಡಿ ಕೊಡುತ್ತಾರೆ. ಘಮ ಜೋರು. ಬೆರಳಿಗೆ ಹತ್ತಿದ ಹಳದಿ ಸೋಪು ಹಾಕಿ ತಿಕ್ಕಿದರೂ ಬಿಡಲಿಲ್ಲ. ಆದರೆ ಗಲ್ಲಾ ಮೇಲೆ ‘ಬಾಯಿ ಕ್ಯಾನ್ಸರಿಗೆ ರಾಮಬಾಣ’ ಅಂತ ಬೋರ್ಡು ಯಾಕೆ? ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಅಂಶ ಲ್ಯಾಬಿನಲ್ಲಿ ಬಾಯಿ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಗ್ಗಿಸಿದ್ದು ನಿಜ. ಪುಡಿಯಲ್ಲಿ ಅದು ಇರೋದೇ ಶೇಕಡಾ 3ರ ಆಸುಪಾಸು, ತಿಂದರೆ ರಕ್ತಕ್ಕೆ ಸೇರೋದು ಇನ್ನೂ ಕಮ್ಮಿ. ಕಾಳುಮೆಣಸು ಜೊತೆಗಿದ್ದರೆ ಸ್ವಲ್ಪ ಜಾಸ್ತಿ, ಅಷ್ಟೇ. ಔಷಧಿ ಅಂತೂ ಅಲ್ಲ.

ತಮಾಷೆ ಅಂದ್ರೆ, ಆ ಬೋರ್ಡಿನ ಕೆಳಗೇ ಅಡಿಕೆ ಪೊಟ್ಟಣಗಳ ಸರ! ಅಡಿಕೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಹೇಳಿದೆ. ಬಾಯಿ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಡಾಕ್ಟರ್ ಹತ್ರ ಹೋಗಿ. ಅಡುಗೆ ಅರಿಶಿನ ಇಲ್ಲೇ ತಗೊಳ್ಳಿ. ಕಾಲು ಕೆಜಿಗಿಂತ ಕಮ್ಮಿ ಪುಡಿ ಮಾಡಿಕೊಡಲ್ಲ.