ಸ್ಲೋ ಕುಕ್ಕರ್: ನೀರು ಅಳೆದು ಹಾಕುವವರಿಗೆ ಒಳ್ಳೆಯ ಪಾತ್ರೆ

ಇಂಗ್ಲೆಂಡಿನ ಯಾವುದೇ ದೊಡ್ಡ ಅಂಗಡಿಯಲ್ಲಿ ಸಿಗುವ, ಮೂರೂವರೆ ಲೀಟರಿನ, ಮೂರೇ ಗುರುತುಗಳ ತಿರುಗುಗುಂಡಿಯಿರುವ ಸಾಧಾರಣ ಸ್ಲೋ ಕುಕ್ಕರ್ ಇದು. ಇದರ ಮೇಲೆ ಬರುವ ದೂರು ಸಾಮಾನ್ಯವಾಗಿ ಒಂದೇ: ಬೆಳಿಗ್ಗೆ ಎಲ್ಲವನ್ನೂ ಹಾಕಿ ಕೆಲಸಕ್ಕೆ ಹೋದರೆ ಸಂಜೆಗೆ ಮಾಂಸವೂ ಕಾಳೂ ಬೆಣ್ಣೆಯಂತೆ ಬೆಂದಿರುತ್ತವೆ, ಆದರೆ ಗಟ್ಟಿ ಗೊಜ್ಜಾಗಿರಬೇಕಾದದ್ದು ತಿಳಿಸಾರಾಗಿರುತ್ತದೆ. ದೂರು ನಿಜವೇ. ಆದರೆ ಅದಕ್ಕೆ ಪಾತ್ರೆಯನ್ನು ದೂಷಿಸುವುದು ಸರಿಯಲ್ಲವೆಂದೂ, ಜೊತೆಗೆ ಕೊಡುವ ಕೈಪಿಡಿಯ ಅಳತೆಗಳನ್ನು ಬದಿಗಿಟ್ಟರೆ ಇದು ನಮ್ಮ ಅಡುಗೆಗೆ ಚೆನ್ನಾಗಿಯೇ ಒಗ್ಗುತ್ತದೆಂದೂ ನನ್ನ ಅಭಿಪ್ರಾಯ.

ಹೊರಗೆ ಲೋಹದ ಕವಚ, ಅದರ ಗೋಡೆಯೊಳಗೆ ಕಾಯುವ ತಂತಿ, ನಡುವೆ ಎತ್ತಿ ತೆಗೆಯಬಹುದಾದ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಇದಿಷ್ಟೇ ರಚನೆ. ಬಹುತೇಕ ಕುಕ್ಕರುಗಳಲ್ಲಿ ‘ಲೋ’ ಮತ್ತು ‘ಹೈ’ ಎರಡೂ ಕೊನೆಗೆ ತಲುಪುವುದು ಕುದಿಯುವ ಹಂತಕ್ಕಿಂತ ತುಸು ಕೆಳಗಿನ ಬಿಸಿಯನ್ನೇ, ‘ಲೋ’ ಅಲ್ಲಿಗೆ ಹೆಚ್ಚು ನಿಧಾನವಾಗಿ ಹೋಗುತ್ತದೆ, ಅಷ್ಟೆ. ಮೇಲೆದ್ದ ಆವಿ ತಣ್ಣಗಿನ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುವುದರಿಂದ ಎಂಟು ಗಂಟೆ ಬೇಯಿಸಿದರೂ ನೀರು ಇಂಗುವುದಿಲ್ಲ. ಅದರ ಮೇಲೆ ತರಕಾರಿಯೂ ಮಾಂಸವೂ ತಮ್ಮೊಳಗಿನ ನೀರನ್ನು ಬಿಟ್ಟುಕೊಡುತ್ತವೆ. ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ಕುದಿಸಿ ಬತ್ತಿಸುವ ಅಭ್ಯಾಸವಿದ್ದವರು ಅದೇ ಅಳತೆಯಲ್ಲಿ ನೀರು ಹಾಕಿದರೆ ಇಲ್ಲಿ ಅದು ಹೆಚ್ಚಾಗದೆ ಇರುವುದಿಲ್ಲ.

ಈ ಉಪಕರಣ ಹುಟ್ಟಿದ್ದೇ ಕಾಳು ಬೇಯಿಸಲಿಕ್ಕೆ. ಅಮೆರಿಕದ ಅರ್ವಿಂಗ್ ನ್ಯಾಕ್ಸನ್, ಲಿಥುವೇನಿಯಾದಲ್ಲಿ ಬೆಳೆದ ತನ್ನ ತಾಯಿಯಿಂದ, ಯೆಹೂದ್ಯರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಊಟಕ್ಕಾಗಿ ರಾತ್ರಿಯಿಡೀ ಆರುತ್ತಿರುವ ಒಲೆಯಲ್ಲಿ ಬೇಯುತ್ತಿದ್ದ ಚೋಲೆಂಟ್ ಎಂಬ ಕಾಳು-ಮಾಂಸದ ಅಡುಗೆಯ ಕಥೆ ಕೇಳಿ ಇದನ್ನು ರೂಪಿಸಿದರು; 1940ರಲ್ಲಿ ಪೇಟೆಂಟ್ ಪಡೆದರು. 1970ರಲ್ಲಿ ಅವರ ಕಂಪನಿಯನ್ನು ಕೊಂಡ ರೈವಲ್ ಸಂಸ್ಥೆ ಮರುವರ್ಷ ಇದನ್ನೇ ಕ್ರಾಕ್-ಪಾಟ್ ಎಂದು ಮಾರಿತು. ಕಾಳು ನೀರು ಹೀರುತ್ತದೆ, ಹಿಟ್ಟನ್ನು ಬಿಡುತ್ತದೆ, ರಸ ತಾನಾಗಿ ಗಟ್ಟಿಯಾಗುತ್ತದೆ. ಕೋಳಿ, ಅಣಬೆ, ಟೊಮೆಟೊಗಳಿಗೆ ಆ ಗುಣವಿಲ್ಲ. ಕೈಪಿಡಿಯಲ್ಲಿರುವ ಅಡುಗೆಗಳಲ್ಲಿ ಅರ್ಧಕ್ಕರ್ಧ ಇಂಥವೇ ಆಗಿರುವುದು, ಅವಕ್ಕೂ ಧಾರಾಳವಾಗಿ ನೀರು ಹೇಳಿರುವುದು ಈ ಕುಕ್ಕರಿನ ನಿಜವಾದ ದೋಷ.

ಒಲೆಯ ಅಡುಗೆಗೆ ಹಾಕುವ ನೀರಿನಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕಡಿಮೆ ಮಾಡುವುದು ಮೊದಲ ಕೆಲಸ. ಮಾಂಸವಿದ್ದರೆ ಅದು ಪೂರ್ತಿ ಮುಳುಗಬೇಕಾಗಿಯೂ ಇಲ್ಲ. ಈರುಳ್ಳಿಯನ್ನು ಹಸಿಯಾಗಿ ಹಾಕಿದರೆ ನೀರೂ ಬಿಡುತ್ತದೆ, ಕೆಂಪಗೂ ಆಗುವುದಿಲ್ಲ, ಏಕೆಂದರೆ ನೀರು ಕುದಿಯುವುದಕ್ಕಿಂತ ಕಡಿಮೆ ಬಿಸಿಯಲ್ಲಿ ಹುರಿದ ಪರಿಮಳ ಹುಟ್ಟುವುದಿಲ್ಲ. ಹತ್ತು ನಿಮಿಷ ಬಾಣಲೆಯಲ್ಲಿ ಹುರಿದೇ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ಮರೆತುಬಿಡಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನಂಬಬೇಕಾಗಿಲ್ಲ. ಮಧ್ಯೆ ಮಧ್ಯೆ ಮುಚ್ಚಳ ತೆರೆದು ನೋಡುವುದರಿಂದಲೂ ರಸ ಗಟ್ಟಿಯಾಗುವುದಿಲ್ಲ, ಬಿಸಿ ಹೋಗಿ ಅಡುಗೆ ಇಪ್ಪತ್ತು ಮೂವತ್ತು ನಿಮಿಷ ತಡವಾಗುತ್ತದೆ. ತೆರೆಯುವುದೇ ಆದರೆ ಕೊನೆಯ ಮುಕ್ಕಾಲು ಗಂಟೆ ‘ಹೈ’ನಲ್ಲಿ ಪೂರ್ತಿ ತೆರೆದಿಡಬೇಕು; ಅದರಿಂದಲೂ ಸ್ವಲ್ಪವೇ ಬತ್ತುತ್ತದೆ. ಹೆಚ್ಚು ಬತ್ತಬೇಕೆಂದರೆ ರಸವನ್ನು ಬಾಣಲೆಗೆ ಬಸಿದು ಒಲೆಯ ಮೇಲೆ ಕುದಿಸುವುದೇ ಬೇಗನೆ ಮುಗಿಯುವ ದಾರಿ.

ಇಲ್ಲಿನವರು ಗಟ್ಟಿ ಮಾಡಲು ಮೆಕ್ಕೆಜೋಳದ ಪಿಷ್ಟವನ್ನು (ಕಾರ್ನ್‌ಫ್ಲೋರ್) ತಣ್ಣೀರಿನಲ್ಲಿ ಕಲಸಿ ಕಡೆಯಲ್ಲಿ ಹಾಕುತ್ತಾರೆ. ಮೊದಲೇ ಹಾಕಿದರೆ ಗಂಟೆಗಟ್ಟಲೆಯ ಬಿಸಿಗೂ ಹುಳಿಗೂ ಸಿಕ್ಕಿ ಪಿಷ್ಟ ಮತ್ತೆ ತೆಳ್ಳಗಾಗುತ್ತದೆ. ನಮಗೆ ಅದರ ಅಗತ್ಯವೇ ಇಲ್ಲ. ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿಯೊಂದಿಗೆ ರುಬ್ಬುತ್ತೇವೆ, ಸಾಗುವಿಗೆ ಹುರಿಗಡಲೆ, ಗಸಗಸೆ ಹಾಕುತ್ತೇವೆ, ಸಾರು ತೆಳ್ಳಗಾದರೆ ಒಂದು ಚಮಚ ಅಕ್ಕಿಹಿಟ್ಟು ಕದಡುತ್ತೇವೆ. ಇವೆಲ್ಲವೂ ಸ್ಲೋ ಕುಕ್ಕರಿಗೆ ಹೇಳಿಮಾಡಿಸಿದಂತಿವೆ. ರುಬ್ಬಿದ್ದನ್ನು ಕೊನೆಯ ಅರ್ಧ ಗಂಟೆಯಲ್ಲಿ, ‘ಹೈ’ಗೆ ತಿರುಗಿಸಿ, ಆದಷ್ಟು ಕಡಿಮೆ ನೀರಿನಲ್ಲಿ ಹಾಕಬೇಕೆಂಬುದಷ್ಟೇ ನಿಯಮ. ಮಿಕ್ಸಿ ತೊಳೆದ ನೀರನ್ನೂ ಸುರಿಯುವ ಅಭ್ಯಾಸ ಇಲ್ಲಿ ಬೇಡ. ಮೊಸರನ್ನಂತೂ ಕಡೆಗೇ ಹಾಕಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಹುಣಸೆ ರಸವನ್ನು ಕಾಳು ಬೆಂದ ಮೇಲೆ ಸೇರಿಸಬೇಕು, ಏಕೆಂದರೆ ಹುಳಿ ಬಿದ್ದ ಕಾಳು ಮೆತ್ತಗಾಗಲು ಹಟ ಹಿಡಿಯುತ್ತದೆ.

ಇದರಲ್ಲಿ ಅತ್ಯುತ್ತಮವಾಗಿ ಆಗುವುದು ರಾತ್ರಿ ನೆನೆಸಿದ ಹುರುಳಿಕಾಳು. ಬೆಂದ ಕಾಳಿನಲ್ಲಿ ಒಂದು ಸೌಟು ತೆಗೆದು ಅರೆದು ಮತ್ತೆ ಬೆರೆಸಿದರೆ ಸಾರಿಗೆ ಬೇರೇನೂ ಬೇಕಾಗುವುದಿಲ್ಲ, ಮುದ್ದೆಗೆ ಸರಿಯಾಗಿ ಅಂಟುತ್ತದೆ. ಕಡಲೆಕಾಳಿನ ಹುಳಿಯೂ ಹಾಗೆಯೇ. ಮೂಳೆಯಿರುವ ಕುರಿಯ ತೊಡೆ, ಭುಜದ ಮಾಂಸವೂ ಚೆನ್ನ: ಅದರ ನಾರು ನಿಧಾನವಾಗಿ ಕರಗಿ ಜೆಲಟಿನ್ ಆಗುವುದರಿಂದ ರಸಕ್ಕೆ ತಾನಾಗಿ ಒಂದು ಜಿಗುಟು ಬರುತ್ತದೆ. ಆಲೂಗೆಡ್ಡೆ, ಕ್ಯಾರೆಟ್ಟುಗಳು ಇದರಲ್ಲಿ ಮಾಂಸಕ್ಕಿಂತ ತಡವಾಗಿ ಬೇಯುವುದರಿಂದ ಅವನ್ನು ತಳದಲ್ಲಿ, ಗೋಡೆಗೆ ತಾಗುವಂತೆ ಇಡಬೇಕು. ಸೋರೆಕಾಯಿ, ಸೀಮೆಬದನೆ, ಬೂದುಗುಂಬಳಗಳನ್ನು ಹಾಕಲೇಬಾರದು, ಅವು ನೀರೇ ನೀರು. ತೊಗರಿಬೇಳೆಗೂ ಇದು ಬೇಕಿಲ್ಲ. ಪ್ರೆಶರ್ ಕುಕ್ಕರ್ ಅರ್ಧ ಗಂಟೆಯೊಳಗೆ ಮಾಡುವ ಕೆಲಸಕ್ಕೆ ದಿನವಿಡೀ ಕಾಯುವುದರಲ್ಲಿ ಅರ್ಥವಿಲ್ಲ.

ರಾಜ್ಮಾ ವಿಷಯದಲ್ಲಿ ಎಚ್ಚರಿಕೆ ಬೇಕು. ಹಸಿ ಕಾಳಿನಲ್ಲಿರುವ ಲೆಕ್ಟಿನ್ ಎಂಬ ವಿಷ ಕುಕ್ಕರಿನ ಮಂದ ಬಿಸಿಯಲ್ಲಿ ನಾಶವಾಗದೆ ಉಳಿದು ತೀವ್ರ ವಾಂತಿ-ಭೇದಿ ತರಬಲ್ಲದು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿಯೇ ಇದಕ್ಕೆ ಹಾಕಬೇಕು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) 30 ನಿಮಿಷ ಎನ್ನುತ್ತದೆ. ಈ ಮಾತು ಕೈಪಿಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ಇರಬೇಕಾಗಿತ್ತು, ಸಣ್ಣ ಅಕ್ಷರಗಳಲ್ಲಿ ಎಲ್ಲೋ ಕೊನೆಯಲ್ಲಿದೆ.

ವಿದ್ಯುತ್ ಖರ್ಚು ಅಲ್ಪ: ಸುಮಾರು 200 ವ್ಯಾಟಿನ ಕುಕ್ಕರ್ ಎಂಟು ಗಂಟೆ ಪೂರ್ತಿ ಉರಿದರೂ 1.6 ಯೂನಿಟ್ ಮೀರುವುದಿಲ್ಲ. ಪಿಂಗಾಣಿ ಪಾತ್ರೆ ಭಾರ, ಸಿಂಕಿನಲ್ಲಿ ತೊಳೆಯುವಾಗ ಕೈ ಸೋಲುತ್ತದೆ. ಬಿಸಿಯಿರುವಾಗ ತಣ್ಣೀರು ಸೋಕಿದರೆ ಬಿರುಕು ಬಿಡಬಹುದು. ಟೈಮರ್ ಇಲ್ಲದಿರುವುದು ಕೆಲಸದಿಂದ ತಡವಾಗಿ ಬರುವವರಿಗೆ ನಿಜವಾದ ಕೊರತೆ. ಸಾಧ್ಯವಿದ್ದರೆ ತಾನೇ ‘ವಾರ್ಮ್’ಗೆ ಇಳಿಯುವ ಮಾದರಿಯನ್ನು ಕೊಳ್ಳುವುದು ಮೇಲು.

ಊರಿಗೆ ಉಡುಗೊರೆಯಾಗಿ ಒಯ್ಯುವ ಯೋಚನೆಯಿದ್ದವರು ತಳದಲ್ಲಿರುವ ಚೀಟಿಯನ್ನು ಓದಿಕೊಳ್ಳಬೇಕು. ಇಂಗ್ಲೆಂಡಿನದು ಬೆಂಗಳೂರಿನ 230 ವೋಲ್ಟಿಗೆ ಹೊಂದುತ್ತದೆ, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಅಮೆರಿಕದ 120 ವೋಲ್ಟಿನದನ್ನು ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಅದಕ್ಕೆ ಟ್ರಾನ್ಸ್‌ಫಾರ್ಮರ್ ಕೊಳ್ಳುವ ಬದಲು ಊರಿನಲ್ಲೇ ಒಂದು ಕೊಂಡುಕೊಡುವುದು ಲೇಸು.