ಟ್ಯಾಂಪಾದ ಎರಡು ಕ್ಯೂಬನ್ ಹೋಟೆಲ್: ಅಸಲಿ ರುಚಿ ಯಾವುದರಲ್ಲಿ?

ಫ್ಲೋರಿಡಾಗೆ ಬರುವ ನಮ್ಮ ಕಡೆಯವರು ಟ್ಯಾಂಪಾದಲ್ಲಿ ಒಳ್ಳೆ ಕ್ಯೂಬನ್ ಊಟ ಎಲ್ಲಿ ಅಂತ ಕೇಳುತ್ತಲೇ ಇರುತ್ತಾರೆ. ಕೇಳಬೇಕಾದ ಊರೇ ಇದು. 1880ರ ದಶಕದಲ್ಲಿ ಸಿಗಾರ್ ಕಾರ್ಖಾನೆಗಳ ಜೊತೆ ಕ್ಯೂಬಾದವರು ಇಲ್ಲಿನ ಈಬೋರ್ ಸಿಟಿಗೆ ಬಂದು ನೆಲೆಸಿದರು, ಅವರ ಅಡುಗೆಯೂ ಇಲ್ಲೇ ಬೇರು ಬಿಟ್ಟಿತು. ಅದಕ್ಕೇ ನಾನು ಜಾಸ್ತಿ ತಿಂದಿರುವ ಎರಡು ಜಾಗಗಳನ್ನು ಎದುರುಬದುರು ಇಟ್ಟು ಹೇಳುತ್ತೇನೆ. ಹೆಸರು ಬೇಡ.

ಒಂದು ದೊಡ್ಡ ಹೋಟೆಲ್. ಗೋಡೆ ತುಂಬ ಹವಾನಾದ ಹಳೇ ಕಾರುಗಳ ಚಿತ್ರ, ವಾರದ ಕೊನೆಗೆ ಹಾಡು ಬಾಜಾಬಜಂತ್ರಿ, ಉದ್ದನೆಯ ಕಾಕ್‌ಟೇಲ್ ಪಟ್ಟಿ. ಇನ್ನೊಂದು ವೆಸ್ಟ್ ಟ್ಯಾಂಪಾದ ಕೊಲಂಬಸ್ ಡ್ರೈವ್ ಕಡೆಯ ಪುಟ್ಟ ಕೆಫೆ. ಗಾಜಿನ ಹಿಂದೆ ಬಿಸಿ ಬಿಸಿ ಊಟ ಜೋಡಿಸಿರುತ್ತಾರೆ, ಕೌಂಟರ್‌ನಲ್ಲಿ ಬರೀ ಸ್ಪ್ಯಾನಿಷ್ ಮಾತು.

ಚಿತ್ರ, ಹಾಡು, ಭಾಷೆ ಯಾವುದೂ ರುಚಿಗೆ ಸಾಕ್ಷಿ ಅಲ್ಲ. ನಾನು ಮೊದಲು ಕೇಳುವುದು ಕಪ್ಪು ಬೀನ್ಸ್. ಅದು ಅಗ್ಗದ ಪದಾರ್ಥ, ಅಡುಗೆಯವರು ಅದರಲ್ಲೇ ಸಿಕ್ಕಿಬೀಳುತ್ತಾರೆ. ಈರುಳ್ಳಿ, ಹಸಿರು ಕ್ಯಾಪ್ಸಿಕಂ, ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೂ ಬಾಡಿಸಬೇಕು. ಇದಕ್ಕೇ ಸೊಫ್ರಿಟೊ ಅನ್ನುವುದು. ಅದನ್ನು ಬೆಂದ ಬೀನ್ಸ್‌ಗೆ ಹಾಕಿ, ಜೀರಿಗೆ, ಓರೆಗಾನೊ, ಪಲಾವ್ ಎಲೆಯ ಜೊತೆ ಮತ್ತೆ ಕುದಿಸಿ, ಕೊನೆಗೆ ಒಂದಿಷ್ಟು ವಿನೆಗರ್, ಚಿಟಿಕೆ ಸಕ್ಕರೆ. ಆಗ ರಸ ತಾನಾಗಿಯೇ ಗಟ್ಟಿಯಾಗಿ ಹೊಳೆಯುತ್ತದೆ, ಚಮಚದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಕೆಫೆಯ ಬೀನ್ಸ್ ಹೀಗೇ ಇರುತ್ತದೆ, ಅನ್ನಕ್ಕೆ ಹಾಕಿದರೆ ಮೇಲೆ ನಿಂತು ನಿಧಾನಕ್ಕೆ ಇಳಿಯುತ್ತದೆ. ದೊಡ್ಡ ಹೋಟೆಲ್‌ನಲ್ಲಿ ಕಾಳು ಒಂದು ಕಡೆ, ತಿಳಿನೀರು ಇನ್ನೊಂದು ಕಡೆ. ಮೇಲೆ ಹಸಿ ಈರುಳ್ಳಿ ಉದುರಿಸಿ ಕೊಡುತ್ತಾರೆ. ಹಸಿ ಈರುಳ್ಳಿ ಹಾಕುವುದು ತಪ್ಪಲ್ಲ, ಎಷ್ಟೋ ಕಡೆ ಹಾಕುತ್ತಾರೆ, ಆದರೆ ಬಾಡಿಸಿದ ಈರುಳ್ಳಿಯ ಕೆಲಸವನ್ನು ಅದು ಮಾಡುವುದಿಲ್ಲ.

ಎರಡನೇ ಪರೀಕ್ಷೆ ಮೋಹೊ ಅನ್ನುವ ಹುಳಿ ಸಾಸ್. ಹುಳಿ ಕಿತ್ತಳೆ ರಸ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಬಿಸಿ ಎಣ್ಣೆ. ಹಂದಿ ಮಾಂಸವನ್ನು ಇದರಲ್ಲಿ ನೆನೆಸಿ ಸುಡುತ್ತಾರೆ, ಬೇಯಿಸಿದ ಮರಗೆಣಸಿನ ಮೇಲೂ ಸುರಿಯುತ್ತಾರೆ. ದೊಡ್ಡ ಹೋಟೆಲ್‌ನ ಮೋಹೊ ಬರೀ ನಿಂಬೆ ವಾಸನೆ. ಪಂದಿ ಕರಿಗೆ ಕಾಚಂಪುಳಿ ಬಿಟ್ಟು ನಿಂಬೆಹಣ್ಣು ಹಿಂಡಿದರೆ ಕೊಡಗಿನವರು ಒಪ್ಪುತ್ತಾರಾ? ಹುಳಿ ಇದೆ, ಆದರೆ ಆ ಹುಳಿ ಅಲ್ಲ. ಹುಳಿ ಕಿತ್ತಳೆಯಲ್ಲಿ ಸಿಪ್ಪೆಯ ಸಣ್ಣ ಕಹಿ ಇರುತ್ತದೆ, ಹಂದಿಯ ಕೊಬ್ಬಿಗೆ ಅದೇ ಬೇಕು. ಮಾಮೂಲಿ ಕಿತ್ತಳೆ, ನಿಂಬೆ ಎರಡನ್ನೂ ಬೆರೆಸಿದರೂ ಹತ್ತಿರಕ್ಕೆ ಬರುತ್ತದೆ, ಅದನ್ನಾದರೂ ಮಾಡಬಹುದಿತ್ತು. ಕೆಫೆಯಲ್ಲಿ ಆ ಕಹಿ ಸಿಗುತ್ತದೆ, ಬೆಳ್ಳುಳ್ಳಿಯೂ ಹಸಿಹಸಿ ಅನ್ನಿಸುವುದಿಲ್ಲ.

ಬಾಳೆಕಾಯಿ ವಿಷಯದಲ್ಲಿ ಮಾತ್ರ ದೊಡ್ಡ ಹೋಟೆಲ್ ಗೆದ್ದಿದೆ, ಅದೂ ದೊಡ್ಡದಾಗಿ. ಟೋಸ್ಟೋನೆಸ್ ಅಂದರೆ ಹಸಿ ಬಾಳೆಕಾಯಿಯನ್ನು ಒಮ್ಮೆ ಕರಿದು, ಅದುಮಿ ಚಪ್ಪಟೆ ಮಾಡಿ, ಮತ್ತೆ ಕರಿಯುವುದು. ಇದನ್ನು ಆಗಲೇ ಮಾಡಿ ಆಗಲೇ ತಿನ್ನಬೇಕು. ಅಲ್ಲಿ ಆರ್ಡರ್ ಕೊಟ್ಟ ಮೇಲೆ ಕರಿಯುತ್ತಾರೆ. ಕೆಫೆಯಲ್ಲಿ ಮಧ್ಯಾಹ್ನ ಒಂದರ ಹೊತ್ತಿಗೆ ಬಿಸಿ ಆರದಿರಲಿ ಅಂತ ಹಚ್ಚಿಟ್ಟ ದೀಪದ ಕೆಳಗೆ ಇದ್ದೂ ಇದ್ದೂ ಚರ್ಮದ ಹಾಗಾಗಿರುತ್ತದೆ.

ಸ್ಯಾಂಡ್‌ವಿಚ್ ಬಗ್ಗೆ ಒಂದು ಜಗಳ ಇದೆ. ಮಯಾಮಿಯವರು ಟ್ಯಾಂಪಾದ ಸ್ಯಾಂಡ್‌ವಿಚ್ ಕ್ಯೂಬನ್ನೇ ಅಲ್ಲ ಅನ್ನುತ್ತಾರೆ, ಯಾಕೆಂದರೆ ಇಲ್ಲಿ ಹ್ಯಾಮ್, ಸುಟ್ಟ ಹಂದಿ ಮಾಂಸ, ಸ್ವಿಸ್ ಚೀಸ್, ಉಪ್ಪಿನ ಸೌತೆ, ಸಾಸಿವೆ ಜೊತೆ ಸಲಾಮಿಯೂ (ಒಣಗಿಸಿದ ಇಟಾಲಿಯನ್ ಸಾಸೇಜ್) ಇರುತ್ತದೆ. ಈಬೋರ್ ಸಿಟಿಯಲ್ಲಿ ಕ್ಯೂಬಾದವರ ಪಕ್ಕದಲ್ಲೇ ಸಿಸಿಲಿಯಿಂದ ಬಂದ ಇಟಾಲಿಯನ್ನರೂ ಇದ್ದರು, ಸಲಾಮಿ ಅವರಿಂದ ಬಂತು ಅಂತಲೇ ಇಲ್ಲಿಯವರು ಹೇಳುವುದು. 2012ರಲ್ಲಿ ಟ್ಯಾಂಪಾ ನಗರಸಭೆ ಇದನ್ನೇ ಊರಿನ ಹೆಮ್ಮೆಯ ಸ್ಯಾಂಡ್‌ವಿಚ್ ಅಂತ ಗೊತ್ತುವಳಿ ಮಾಡಿತು. ನನಗೆ ಸಲಾಮಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನೋಡಬೇಕಾದ್ದು ಬ್ರೆಡ್. ಮೇಲಿನ ಪದರ ತೆಳ್ಳಗೆ, ಮುರಿದರೆ ಚೂರುಚೂರಾಗಿ ಉದುರಬೇಕು, ಒಳಗೆ ಹಗುರ. ಇಲ್ಲಿನ ಹಳೇ ಬೇಕರಿಗಳಲ್ಲಿ ಹಿಟ್ಟಿನ ಮೇಲೆ ಪಾಲ್ಮೆಟೊ ಅನ್ನುವ ತಾಳೆ ಜಾತಿಯ ಗಿಡದ ಗರಿಯ ಪಟ್ಟಿ ಇಟ್ಟು ಬೇಯಿಸುತ್ತಾರೆ, ಬ್ರೆಡ್ ಅದರ ಗುಂಟ ಸೀಳಿಕೊಂಡು ಉಬ್ಬುತ್ತದೆ. ಕೆಫೆ ಅಂಥ ಬ್ರೆಡ್ ತರಿಸುತ್ತದೆ. ದೊಡ್ಡ ಹೋಟೆಲ್‌ನದು ಸಿಹಿಯಾದ ಮೆತ್ತನೆ ಬನ್ನು, ಒತ್ತಿದರೆ ಹಿಟ್ಟಾಗುತ್ತದೆ.

ಇನ್ನು ರೋಪಾ ವಿಯೇಹಾ, ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಗೋಮಾಂಸ. ಎರಡೂ ಕಡೆ ಚೆನ್ನಾಗಿದೆ. ಆದರೆ "ಕ್ಯೂಬಾದಲ್ಲಿ ಇರೋ ಹಾಗೇ ಇದೆಯಾ?" ಅಂತ ಕೇಳುವವರಿಗೆ ಒಂದು ಮಾತು ಹೇಳಲೇಬೇಕು. 1962ರಿಂದ ಅಲ್ಲಿ ಪಡಿತರ ಚೀಟಿ ಇದೆ. ಸರ್ಕಾರದ ಅನುಮತಿ ಇಲ್ಲದೆ ದನ ಕಡಿದರೆ ಜೈಲು. 1991ರಲ್ಲಿ ಕ್ಯೂಬಾಗೆ ಆಸರೆಯಾಗಿದ್ದ ಸೋವಿಯತ್ ಒಕ್ಕೂಟ ಒಡೆದ ಮೇಲಂತೂ ಮಾಮೂಲಿ ಮನೆಗಳಲ್ಲಿ ಗೋಮಾಂಸ ಕಣ್ಣಿಗೆ ಬೀಳುವುದೇ ಅಪರೂಪವಾಯಿತು. ಕೆಫೆಯಲ್ಲಿ ಅಡುಗೆ ಮಾಡುವ ಅಮ್ಮ ಇದನ್ನು ಮಾಡಲು ಕಲಿತದ್ದೇ ಟ್ಯಾಂಪಾಗೆ ಬಂದ ಮೇಲಂತೆ. ಅಂದರೆ ಇಲ್ಲಿ ನಾವು ತಿನ್ನುವುದು ಜಾಸ್ತಿ ಮಟ್ಟಿಗೆ 1959ರ ಕ್ರಾಂತಿಗೆ ಮುಂಚಿನ ಅಡುಗೆ, ಊರು ಬಿಟ್ಟು ಬಂದವರು ಉಳಿಸಿಕೊಂಡಿದ್ದು. ಇವತ್ತಿನ ಹವಾನಾದ ಮನೆ ಊಟಕ್ಕೆ ಹೋಲಿಸಿ ಇದನ್ನು ನಕಲಿ ಅನ್ನುವುದು ಅನ್ಯಾಯ ಅಲ್ವಾ? ಅಡಿಪಾಯ ಸರಿಯಿದೆಯಾ, ಸೊಫ್ರಿಟೊಗೆ ಹೊತ್ತು ಕೊಟ್ಟಿದ್ದಾರಾ, ಅಷ್ಟು ನೋಡಿದರೆ ಸಾಕು.

ಖಾರ ಹುಡುಕಬೇಡಿ. ಕ್ಯೂಬನ್ ಅಡುಗೆ ಖಾರದ್ದಲ್ಲ. ದೊಡ್ಡ ಹೋಟೆಲ್‌ನವರು ಹಲಪೇನ್ಯೊ ಮೆಣಸಿನಕಾಯಿ, ಜೋಳದ ಚಿಪ್ಸ್ ತಂದಿಡುತ್ತಾರೆ, ಅದು ಮೆಕ್ಸಿಕೊ ಕಡೆಯದು. ನಮ್ಮವರು ಸಪ್ಪೆ ಅಂತ ಅದನ್ನೇ ಜಾಸ್ತಿ ತಿಂದು ಬೀನ್ಸ್ ಮುಟ್ಟದೆ ಎದ್ದು ಬರುವುದು ನೋಡಿದರೆ ಬೇಜಾರಾಗುತ್ತದೆ. ಸಸ್ಯಾಹಾರಿಗಳು ಬೀನ್ಸ್‌ಗೂ ಬ್ರೆಡ್‌ಗೂ ಹಂದಿ ಕೊಬ್ಬು ಹಾಕಿದ್ದೀರಾ ಅಂತ ಕೇಳಿಯೇ ಆರ್ಡರ್ ಮಾಡಿ, ಎಷ್ಟೋ ಕಡೆ ಹಾಕಿರುತ್ತಾರೆ.

ಕಾಫಿಯಲ್ಲಿ ಕೆಫೆಗೆ ಸಾಟಿ ಇಲ್ಲ. ಮೊದಲು ಇಳಿಯುವ ನಾಲ್ಕು ಹನಿ ಡಿಕಾಕ್ಷನ್‌ಗೆ ಸಕ್ಕರೆ ಹಾಕಿ, ತಿಳಿ ಕಂದು ಬಣ್ಣ ಬರುವವರೆಗೂ ಕಲೆಸಿ ನೊರೆ ಎಬ್ಬಿಸುತ್ತಾರೆ. ಮಿಕ್ಕ ಕಾಫಿ ಅದರ ಮೇಲೆ. ದೊಡ್ಡ ಹೋಟೆಲ್‌ನಲ್ಲಿ ಎಸ್ಪ್ರೆಸೊ ಪಕ್ಕ ಸುಮ್ನೆ ಸಕ್ಕರೆ ಪೊಟ್ಟಣ ಇಡುತ್ತಾರೆ.

ಮನೆಗೆ ನೆಂಟರು ಬಂದರೆ ನಾನು ಕೆಫೆಗೇ ಕರೆದುಕೊಂಡು ಹೋಗುತ್ತೇನೆ, ಅದೂ ಹನ್ನೆರಡಕ್ಕೆ ಮುಂಚೆ, ಟೋಸ್ಟೋನೆಸ್ ಗರಿಗರಿ ಇರುವಾಗಲೇ.